ದೇವಿಮನೆ ಘಟ್ಟಕ್ಕೆ ಯಾವ ಗಾಡಿ: 2.7 ಪೆಟ್ರೋಲೋ, ಹೈಬ್ರಿಡ್ಡೋ, ಬ್ಯಾಟರಿಯೋ?

ದೊಡ್ಡ ಪೆಟ್ರೋಲ್ ಎಂಜಿನ್ ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ. ನಮ್ಮ ಮನೆ ರಾಗಿಹೊಸಳ್ಳಿ ಕಡೆ. ಅಂಗಳದಲ್ಲಿರುವುದು ಅಪ್ಪಯ್ಯ ತಂದ ಇನೊವಾ ಕ್ರಿಸ್ಟಾ, 2.7 ಲೀಟರ್ ಪೆಟ್ರೋಲ್, ಆಟೊಮ್ಯಾಟಿಕ್. ಈಗ ಅದರ ಪಕ್ಕ ತಮ್ಮನ ನೆಕ್ಸಾನ್ ಇವಿ ನಿಲ್ಲುತ್ತದೆ, 45 ಯೂನಿಟ್ ಬ್ಯಾಟರಿಯದ್ದು. ಕುಮಟೆಯಲ್ಲಿ ಭಾವನ ಹತ್ತಿರ ಇನೊವಾ ಹೈಕ್ರಾಸ್ ಹೈಬ್ರಿಡ್ ಇದೆ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವುದು. ಮೂರನ್ನೂ ಶಿರಸಿ, ಕುಮಟೆ ನಡುವಿನ ದೇವಿಮನೆ ಘಟ್ಟದಲ್ಲಿ ಹತ್ತಿಸಿ, ಇಳಿಸಿ ನೋಡಿ ಆಗಿದೆ.

ಹತ್ತುವುದರಿಂದ ಶುರು ಮಾಡೋಣ, ಏಕೆಂದರೆ ದೊಡ್ಡ ಎಂಜಿನ್ನಿನ ಹೆಸರು ಇದ್ದದ್ದೇ ಅಲ್ಲಿ. ಘಟ್ಟದ ಬುಡದ ಕತಗಾಲ ದಾಟಿ ಏರು ಹಿಡಿದ ಮೇಲೆ ತಿರುವಿನಲ್ಲಿ ಎದುರಿಗೆ ಲಾರಿ ಬಂತು ಎನ್ನಿ. ನಿಲ್ಲಿಸಬೇಕು, ಮತ್ತೆ ಸೊನ್ನೆಯಿಂದ ಎತ್ತಬೇಕು. ಕ್ರಿಸ್ಟಾದ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 245 ನ್ಯೂಟನ್ ಮೀಟರ್. ಅದು ಸಿಗುವುದು ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ. ಆಕ್ಸಿಲರೇಟರ್ ಒತ್ತಿದರೆ ಗಿಯರ್ ಇಳಿಯುತ್ತದೆ, ಎಂಜಿನ್ ಒಮ್ಮೆ ಗಟ್ಟಿಯಾಗಿ ಕೂಗುತ್ತದೆ, ಆಮೇಲೆ ಗಾಡಿ ಮುಂದೆ. ಆ ದನಿ ಕೇಳುವುದೇ ಒಂದು ಖುಷಿ. ನೆಕ್ಸಾನ್‌ನದು 215, ಲೆಕ್ಕದಲ್ಲಿ ಕಡಿಮೆಯೇ. ಆದರೆ ಅಷ್ಟೂ ನಿಂತಲ್ಲಿಂದಲೇ ಸಿಗುತ್ತದೆ, ಗಾಡಿಯ ತೂಕವೂ ಕಡಿಮೆ. ಕಾಲಿಟ್ಟ ಕೂಡಲೇ ತಿರುವು ಹಿಂದಾಗಿರುತ್ತದೆ. ದೊಡ್ಡ ಪೆಟ್ರೋಲ್ ಸೋತದ್ದು ಲೀಟರಿನ ರೇಟಿಗೆ ಮಾತ್ರ ಅಲ್ಲ, ತನ್ನದೇ ಅಖಾಡದಲ್ಲಿ ಸೋತಿದೆ ಎಂದು ನನಗೆ ಗೊತ್ತಾದದ್ದು ಇಲ್ಲೇ. ಬೇಸರವೂ ಆಯಿತು.

ಹೈಕ್ರಾಸ್ ಇವೆರಡರ ನಡುವೆ. ಹೊರಡುವಾಗ ಮೋಟಾರಿನ ಹುಮ್ಮಸ್ಸು ಇದೆ, ಉದ್ದದ ಏರಿನಲ್ಲಿ 2 ಲೀಟರ್ ಎಂಜಿನ್ ಒಂದೇ ಸಮನೆ ಮೊರೆಯುತ್ತದೆ.

ಇಳಿಯುವಾಗ ವ್ಯತ್ಯಾಸ ಇನ್ನೂ ಹೆಚ್ಚು. ಕ್ರಿಸ್ಟಾವನ್ನು ಕೆಳ ಗಿಯರಿನಲ್ಲಿ ಹಿಡಿದೇ ಇಳಿಸಬೇಕು, ಹತ್ತುವಾಗ ಸುಟ್ಟ ಪೆಟ್ರೋಲಿನಲ್ಲಿ ಒಂದು ತೊಟ್ಟೂ ವಾಪಸ್ ಬರುವುದಿಲ್ಲ. ಜನರೂ ಸೇರಿ ನೆಕ್ಸಾನ್‌ನ ಸುಮಾರು 1800 ಕೆ.ಜಿ. ತೂಕವನ್ನು ಅರ್ಧ ಕಿ.ಮೀ. ಮೇಲೆತ್ತಲು ಬೇಕಾದ ಶಕ್ತಿ ಸುಮಾರು ಎರಡೂವರೆ ಯೂನಿಟ್. ಬ್ಯಾಟರಿ ಗಾಡಿ ಇಳಿಯುವಾಗ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತದೆ, ಆ ಶಕ್ತಿಯಲ್ಲಿ ಒಳ್ಳೆಯ ಪಾಲನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ. ಕತಗಾಲ ತಲುಪುವ ಹೊತ್ತಿಗೆ ಮೀಟರಿನಲ್ಲಿ ಚಾರ್ಜ್ ಒಂದೆರಡು ಪರ್ಸೆಂಟ್ ಮೇಲೇ ಹೋಗಿರುತ್ತದೆ. ನಮ್ಮ ಹಾಗೆ ಘಟ್ಟದ ತಲೆಯ ಮೇಲೆ ಮನೆ ಇರುವವರು ರಾತ್ರಿ ನೂರು ಪರ್ಸೆಂಟ್ ತುಂಬಿಸಬೇಡಿ. ತುಂಬಿದ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ, ಆಗ ಗಾಡಿ ತಾನಾಗಿ ಹಿಡಿಯುವುದೂ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಎಂಬತ್ತೈದಕ್ಕೆ ನಿಲ್ಲಿಸಿದರೆ ಸಾಕು. ಇನ್ನೊಂದು, ಈ ಹಿಡಿತವನ್ನು ಅತಿ ಜೋರಿಗೆ ಇಟ್ಟರೆ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುತ್ತದೆ. ಆಯಿ ಕೂತಾಗ ಮಧ್ಯದ ಹಂತದಲ್ಲೇ ಇಡುತ್ತೇವೆ.

ಸಪಾಟು ರಸ್ತೆಗೆ, ಅಂದರೆ ಅಂಕೋಲೆ, ಕಾರವಾರದ ಹೆದ್ದಾರಿಗೆ ಬಂದರೆ ದೊಡ್ಡ ಎಂಜಿನ್ನಿನ ರೋಗ ಕಾಣುತ್ತದೆ. ಅಲ್ಲಿ ಅದಕ್ಕೆ ಬೇಕಾದದ್ದು ತನ್ನ ಶಕ್ತಿಯ ಸಣ್ಣ ಪಾಲು. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಥ್ರಾಟಲ್, ಬಹುಪಾಲು ಮುಚ್ಚಿರುತ್ತದೆ, ಆ ಸಂದಿನಲ್ಲೇ ಗಾಳಿ ಎಳೆದುಕೊಳ್ಳಬೇಕು. ಮೂಗು ಮುಚ್ಚಿಕೊಂಡು ಓಡಿದ ಹಾಗೆ. ಊರೊಳಗೂ ಘಟ್ಟದಲ್ಲೂ ನಮ್ಮದು ಲೀಟರಿಗೆ ಏಳೆಂಟು ಕೊಡುತ್ತದೆ, ಹೆದ್ದಾರಿಯಲ್ಲಿ ಹತ್ತರ ಮೇಲೆ ಸ್ವಲ್ಪ. ಹೈಕ್ರಾಸ್‌ಗೆ ಕಂಪನಿಯ ಅಂಕಿ 23.24, ಭಾವನಿಗೆ ಘಟ್ಟ ಸೇರಿ ಹದಿನೈದು, ಹದಿನಾರು ಸಿಗುತ್ತದೆ. ನೆಕ್ಸಾನ್ ಒಮ್ಮೆ ತುಂಬಿಸಿದರೆ 489 ಕಿ.ಮೀ. ಎಂಬ ಕಂಪನಿಯ ಅಂಕಿಯನ್ನು ಮುನ್ನೂರು ಎಂದುಕೊಂಡು ಹೊರಟರೆ ತೊಂದರೆ ಇಲ್ಲ.

ತೆರಿಗೆಯೂ ಅದೇ ದಿಕ್ಕಿನಲ್ಲಿ ನೂಕುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಕಾರಿಗೂ ಹೈಕ್ರಾಸ್‌ನಂಥ ದೊಡ್ಡ ಹೈಬ್ರಿಡ್‌ಗೂ ಜಿಎಸ್‌ಟಿ ಶೇ 40, ಬ್ಯಾಟರಿ ಕಾರಿಗೆ ಶೇ 5. ಕ್ರಿಸ್ಟಾ 2023ರಲ್ಲಿ ಮತ್ತೆ ಬಂದದ್ದು ಡೀಸೆಲ್‌ನಲ್ಲಿ ಮಾತ್ರ. ಹೊರದೇಶದಲ್ಲೂ ಇದೇ ಕಥೆ: ಲ್ಯಾಂಡ್ ಕ್ರೂಸರ್ 2021ರಲ್ಲಿ ಎಂಟು ಸಿಲಿಂಡರಿನ ವಿ8 ಬಿಟ್ಟು ಆರರ ವಿ6ಕ್ಕೆ ಬಂತು, ಬೆಂಟ್ಲಿಯ 12 ಸಿಲಿಂಡರ್ ಎಂಜಿನ್ 2024ರಲ್ಲಿ ನಿಂತಿತು. ಅಮೆರಿಕದ ಪಿಕಪ್ ಕಂಪನಿ ರ‍್ಯಾಮ್ ಮಾತ್ರ ಬಿಟ್ಟಿದ್ದ ವಿ8 ಅನ್ನು ಗಿರಾಕಿಗಳ ಒತ್ತಾಯಕ್ಕೆ ಮರಳಿ ತಂದಿದೆ. ಆ ಗಿರಾಕಿಗಳ ಮನಸ್ಸು ನನಗೆ ಅರ್ಥವಾಗುತ್ತದೆ.

ಹಾಗಂತ ಬ್ಯಾಟರಿಯೇ ಎಲ್ಲದಕ್ಕೂ ಸೈ ಎನ್ನಲಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಸೂಪಾ, ಕದ್ರಾ ಅಣೆಕಟ್ಟೆಗಳಿಗೆ ಊರು ಮುಳುಗಿಸಿಕೊಂಡು, ಕೈಗಾಕ್ಕೂ ಜಾಗ ಕೊಟ್ಟ ಜಿಲ್ಲೆಯಲ್ಲಿ ಈ ಸ್ಥಿತಿ ಇರಬಾರದು. ಗುಡ್ಡ ಕುಸಿದು ದೇವಿಮನೆ ಬಂದ್ ಆದರೆ ಯಲ್ಲಾಪುರ, ಅರಬೈಲ್ ಮೇಲೆ ಸುತ್ತಬೇಕು. ಆ ದಿನ ಟ್ಯಾಂಕ್ ತುಂಬಿದ ಕ್ರಿಸ್ಟಾ ಕೊಡುವ ಧೈರ್ಯವನ್ನು ಉಳಿದೆರಡರಲ್ಲಿ ಹೈಬ್ರಿಡ್ ಮಾತ್ರ ಕೊಡುತ್ತದೆ.

ಆದ್ದರಿಂದ ಮನೆಗೆ ಒಂದೇ ಗಾಡಿ, ಬೆಂಗಳೂರಿನ ಓಡಾಟವೂ ಇದೆ ಎನ್ನುವವರಿಗೆ ಹೈಬ್ರಿಡ್. ಶಿರಸಿ, ಕುಮಟೆ, ಕಾರವಾರದೊಳಗೇ ತಿರುಗುವವರಿಗೆ, ಮನೆಯಲ್ಲಿ ಇನ್ನೊಂದು ಗಾಡಿಯೂ ಇದ್ದರೆ, ಬ್ಯಾಟರಿ. ಹೊಸದಾಗಿ ದೊಡ್ಡ ಪೆಟ್ರೋಲ್ ತೆಗೆದುಕೊಳ್ಳಿ ಎಂದು ಹೇಳಲು ನನ್ನಿಂದ ಆಗುತ್ತಿಲ್ಲ. ಇವಿ ಬುಕ್ ಮಾಡುವ ಮುಂಚೆ ಸಂಜೆ, ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ, ಮನೆಯ ವೋಲ್ಟೇಜ್ ಅಳೆಸಿ. ಅರ್ಥಿಂಗ್ ಗುಂಡಿಯನ್ನೂ ಹೊಸದಾಗಿ ಮಾಡಿಸಿ. ಹಳೆ ಮನೆಗಳ ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ.