ಕಾರವಾರದ ಉಪ್ಪುಗಾಳಿಗೆ ಯಾವುದು ಒಳ್ಳೇದು: ಮಷೀನ್ ಎಣ್ಣೆಯೋ, ವ್ಯಾಸಲೀನೋ, ಕೊಬ್ಬರಿ ಎಣ್ಣೆಯೋ?

ಕಾರವಾರದಲ್ಲಿ ಮಳೆ ಹಿಡಿದರೆ ಕಪಾಟಿನೊಳಗಿನ ಕಬ್ಬಿಣಕ್ಕೂ ತುಕ್ಕು ಬರುತ್ತದೆ. ಕಿಟಕಿ ಮುಚ್ಚಿದರೂ ಉಪ್ಪುಗಾಳಿ ನಿಲ್ಲುವುದಿಲ್ಲ. ಹಳೇ ಮಿಲಿಟರಿ ರೈಫಲ್ಲಿನ ಸಾಮಾನು ಕೂಡಿಡುವವರಿಗೆ ಇಲ್ಲಿ ದೊಡ್ಡ ಚಿಂತೆ ಇದೇ.

ತ್ರೀ ನಾಟ್ ತ್ರೀ, ಅಂದರೆ ಬ್ರಿಟಿಷರ ಕಾಲದ ಸೈನ್ಯದ .303 ರೈಫಲ್, ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ನಾನು ಕೂಡಿಟ್ಟಿರುವುದು ಅದರ ಜೊತೆಗಿನ ಸಾಮಾನು ಮಾತ್ರ: ಹಿತ್ತಾಳೆಯ ಎಣ್ಣೆ ಬಾಟಲಿ, ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗ, ಚರ್ಮದ ಬೆಲ್ಟು. ರೈಫಲ್ ಅಂತ ಇರುವುದು ಮನೆಯ ಲೈಸೆನ್ಸಿನ .315 ಒಂದೇ. ಬಂಗಾಳದ ಇಶಾಪುರದಲ್ಲಿ ತಯಾರಾದದ್ದು, ಬೋಲ್ಟಿನ (ಗುಂಡು ತಳ್ಳಿ ನಳಿಗೆ ಮುಚ್ಚುವ ಭಾಗ) ರಚನೆ ಆ ತ್ರೀ ನಾಟ್ ತ್ರೀಯ, ಅಂದರೆ ಲೀ-ಎನ್‌ಫೀಲ್ಡ್‌ನದ್ದೇ. ಸೈನ್ಯದ ಗುಂಡು ಜನರ ಕೋವಿಗೆ ಕೂರಬಾರದು ಅಂತ ಬ್ರಿಟಿಷರ ಕಾಲದಲ್ಲಿ ಈ ಬೇರೆ ಅಳತೆ ಬಂತು.

ಹೊಲಿಗೆ ಮಷೀನ್ ಎಣ್ಣೆ ಬೋಲ್ಟಿಗೆ ಚೆನ್ನಾಗಿದೆ. ತೆಳುವಾಗಿ ಸಂದಿಗೊಂದಿಗೆಲ್ಲ ಇಳಿಯುತ್ತದೆ. ಆದರೆ ಇಳಿಯುವುದೇ ಅದರ ತೊಂದರೆ ಕೂಡ. ಕೋವಿ ನಿಲ್ಲಿಸಿಟ್ಟರೆ ಎಣ್ಣೆ ಕೆಳಗೆ ಜಾರಿ ಹಿಡಿಯ ಮರ ಕಪ್ಪಾಗುತ್ತದೆ, ಮೇಲೆ ನಳಿಗೆಯ ತುದಿ ಒಣಗಿ ಕೆಂಪು ಚುಕ್ಕೆ ಏಳುತ್ತವೆ. ಪುಲ್‌ಥ್ರೂ ಹಗ್ಗದ ತುದಿಯ ತೂಕಕ್ಕೂ ಇದೇ ಎಣ್ಣೆ ಸಾಕು. ಶಿರಸಿಯ ಅತ್ತೆ ಮನೆಯಲ್ಲಿ ಇದೇ ಎಣ್ಣೆ ಜಾಸ್ತಿ ದಿನ ತಡೆಯಿತು. ಅಲ್ಲಿ ಮಳೆ ಏನು ಕಮ್ಮಿ ಇಲ್ಲ, ಆದರೆ ಉಪ್ಪು ಇಲ್ಲ.

ಕಾರವಾರಕ್ಕೆ ನನ್ನ ಮತ ವ್ಯಾಸಲೀನಿಗೆ. ಹಚ್ಚಿದಲ್ಲೇ ಕೂರುತ್ತದೆ. ಮರದ ಕೆಳಗೆ ಅಡಗಿರುವ ನಳಿಗೆಗಂತೂ ಇದಕ್ಕೆ ಸಾಟಿಯಿಲ್ಲ. ಬ್ರಿಟಿಷ್ ಸೈನ್ಯವೂ ಆ ಜಾಗಕ್ಕೆ ವ್ಯಾಸಲೀನಿನಂಥದ್ದೇ ಆದ ಮಿನರಲ್ ಜೆಲ್ಲಿಯನ್ನೇ ಬಳಸುತ್ತಿತ್ತು. ಧೂಳು ಅಂಟುತ್ತದೆ ಅನ್ನುವುದು ನಿಜ, ಆದರೆ ಧೂಳನ್ನು ಒರೆಸಬಹುದು, ತುಕ್ಕು ತಿಂದ ಉಕ್ಕು ವಾಪಸ್ ಬರುವುದಿಲ್ಲ. ಗುಂಡು ಹಾರಿಸುವ ಮೊದಲು ಮಾತ್ರ ನಳಿಗೆಯ ಒಳಗಿನದನ್ನು ಪೂರ್ತಿ ಒರೆಸಲೇಬೇಕು.

ಕೊಬ್ಬರಿ ಎಣ್ಣೆ ನಮ್ಮ ಕಡೆ ಎಲ್ಲದಕ್ಕೂ ಹಚ್ಚುತ್ತಾರೆ. ದಯವಿಟ್ಟು ಇದಕ್ಕೆ ಬೇಡ. ಕೆಲವೇ ತಿಂಗಳಲ್ಲಿ ಕಮಟು ವಾಸನೆ. ಬೆಲ್ಟಿನ ಚರ್ಮಕ್ಕೆ ಬೂಷ್ಟು, ಅದರ ಹಿತ್ತಾಳೆ ಕೊಂಡಿಯ ಸುತ್ತ ಹಸಿರು ಕಿಲುಬು. ಚರ್ಮಕ್ಕೆ ಶಿರಸಿ ಕಡೆಯ ಜೇನುಮೇಣವನ್ನು ತೀರಾ ತೆಳುವಾಗಿ ತಿಕ್ಕಿದ್ದೇ ಸರಿಹೋಯಿತು. ಮರಕ್ಕೆ ಹಸಿ ಅಗಸೆ ಎಣ್ಣೆ, ಆಗಿನ ಸೈನಿಕರ ಹಾಗೇ ಅಂಗೈಯಿಂದ ಬಿಸಿಯಾಗುವ ತನಕ ಉಜ್ಜಬೇಕು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಇನ್ನು ನನಗೆ ತುಂಬ ಇಷ್ಟದ ಎಣ್ಣೆ ಬಾಟಲಿ. ಬೆರಳಿನಷ್ಟು ಉದ್ದ, ರೈಫಲ್ಲಿನ ಹಿಡಿಯೊಳಗಿನ ಗೂಡಿನಲ್ಲಿ ಕೂರುವಂಥದ್ದು. ತಿರುಪಿನ ಮುಚ್ಚಳಕ್ಕೇ ಎಣ್ಣೆ ತೆಗೆಯುವ ಪುಟ್ಟ ಚಮಚ, ಅದರ ಬುಡದಲ್ಲಿ ಚರ್ಮದ ವಾಷರ್. ಇದಕ್ಕೆ ಹುಣಸೆಹುಳಿಯನ್ನೂ ಹಿತ್ತಾಳೆ ಪಾಲಿಶ್ ಬ್ರಾಸೋವನ್ನೂ ಹಚ್ಚಿ ನೋಡಿದೆ, ಎರಡೂ ಬೇಡ. ಹುಳಿ ಹಾಕಿದ ಜಾಗ ತಾಮ್ರದಂತೆ ಗುಲಾಬಿಯಾಗುತ್ತದೆ. ಬ್ರಾಸೋ ತಿಕ್ಕಿದಷ್ಟೂ ಬುಡದ ಮುದ್ರೆ ಸವೆಯುತ್ತದೆ. ಆ ಮುದ್ರೆ ಹೋದರೆ ಯಾವ ಕಾಲದ್ದು, ಎಲ್ಲಿಯದ್ದು ಅಂತ ಓದೋದು ಹೇಗೆ? ಒಣ ಬಟ್ಟೆಯಲ್ಲಿ ಒರೆಸಿ, ವಾಷರಿಗೆ ಒಂದು ಹನಿ ಮಷೀನ್ ಎಣ್ಣೆ ಬಿಟ್ಟರೆ ಸಾಕು.