ಉಪ್ಪುಗಾಳಿಯಲ್ಲಿ ಹಳೇ ಸ್ಟೆಲ್ಲಾ ಟೆನರ್ ಗಿಟಾರ್: ಕೆಲವು ಮಳೆಗಾಲ ಕಳೆದ ಮೇಲೆ

ಕಾರವಾರದಂಥ ಊರಲ್ಲಿ ಹಳೇ ಟೆನರ್ ಗಿಟಾರ್ ಇಟ್ಟುಕೊಳ್ಳುವ ಆಸೆ ಇದ್ದರೆ, ಬ್ರಿಡ್ಜನ್ನು (ಮೈ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಅಂಟಿಸದೇ ಸುಮ್ನೆ ಇಟ್ಟಿರುವ ಅಗ್ಗದ ಮಾಡೆಲ್ಲೇ ವಾಸಿ. ದುಬಾರಿಯದ್ದರ ಬೆನ್ನು ಹತ್ತಬೇಡಿ.

ನನ್ನದು ಹಾರ್ಮನಿ ಕಂಪನಿಯ ಸ್ಟೆಲ್ಲಾ, ಮಡಗಾವಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ತೂತಿನೊಳಗೆ ಟಾರ್ಚ್ ಬಿಟ್ಟರೆ ‘ಎಫ್-58’ ಅಂತ ಮಾಸಿದ ಮುದ್ರೆ ಕಾಣುತ್ತದೆ. ಅಂದರೆ 1958ರಲ್ಲಿ ಷಿಕಾಗೋದಲ್ಲಿ ತಯಾರಾದದ್ದು. ಬರ್ಚ್ ಮರದ ಮೈ. ಆ ಕಾಲಕ್ಕೂ ಇದು ಕಡಿಮೆ ದುಡ್ಡಿನ ಗಿಟಾರೇ.

ಟೆನರ್ ನೋಡದವರಿಗೆ ಹೇಳುವುದಾದರೆ, ಇದಕ್ಕೆ ನಾಲ್ಕೇ ತಂತಿ. 1920ರ ದಶಕದ ಕೊನೆಗೆ ಅಮೆರಿಕದ ಬ್ಯಾಂಜೋ ವಾದಕರು ಹೊಸದಾಗಿ ಬೆರಳು ಪಳಗಿಸದೇ ಗಿಟಾರ್ ನುಡಿಸಲಿ ಅಂತ ಬಂದದ್ದು. ತಂತಿಯ ಉದ್ದ ಸುಮಾರು 23 ಇಂಚು, ಶ್ರುತಿ ದಪ್ಪ ತಂತಿಯಿಂದ ತೆಳು ತಂತಿಗೆ ಸಿ-ಜಿ-ಡಿ-ಎ, ನಾಲ್ಕು ತಂತಿಯ ಟೆನರ್ ಬ್ಯಾಂಜೋದ್ದೇ.

ರಿಪೇರಿಗೆ ಗಿಟಾರ್‌ನ ಬೆಲೆಗಿಂತ ಜಾಸ್ತಿ ಹೋಯಿತು. ಆ ದುಡ್ಡೆಲ್ಲ ಒಳಗಿನ ಪಟ್ಟಿಗಳಿಗೆ ಮತ್ತು ಫ್ರೆಟ್‌ಗಳಿಗೆ (ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳು). ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಒಂದು ಕಡೆ ‘ಗರ್ರ್’ ಅನ್ನುತ್ತಿತ್ತು. ಅಲ್ಲಿ ಅಡ್ಡಪಟ್ಟಿಯ ಅಂಟು ಬಿಟ್ಟಿತ್ತು. ಹಳೇ ಗಿಟಾರ್ ಕೊಳ್ಳುವಾಗ ಈ ತಟ್ಟಿ ನೋಡುವ ಕೆಲಸ ಮರೆಯಬೇಡಿ. ಪಾಲಿಶ್ ಮುಟ್ಟಲೇ ಇಲ್ಲ, ಗೀರುಗಳು ಹಾಗೇ ಇವೆ.

ಇನ್ನು ಬ್ರಿಡ್ಜ್. ಜೂನ್ ಬಂತು ಅಂದರೆ ಮರ ತೇವ ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತಿ ಒತ್ತಿ ಬೆರಳು ನೋಯುತ್ತದೆ. ಜನವರಿಯ ಒಣಗಾಳಿಗೆ ಹಲಗೆ ಇಳಿದು ತಂತಿ ಫ್ರೆಟ್‌ಗೆ ತಾಗಿ ಝಿರ್ ಅನ್ನುತ್ತದೆ. ಅದಕ್ಕೆ ಶಿರಸಿಯ ಗುಡಿಗಾರರೊಬ್ಬರ ಹತ್ತಿರ ಇನ್ನೊಂದು ತಗ್ಗು ಬ್ರಿಡ್ಜ್ ಮಾಡಿಸಿದೆ. ಶ್ರೀಗಂಧದಲ್ಲಿ ಆನೆ, ಗಣಪತಿ ಕೆತ್ತುವ ಕೈ. “ತಂಬೂರಿ ಕುದುರೆ ಇದ್ದ ಹಾಗೇ ಅಲ್ವಾ ಮಾರಾಯ್ರೇ?” ಅಂದರು. ನಮ್ಮ ಮನೆಯ ಮುರಿದ ಮಂಚದ ಬೀಟೆ ಕಾಲು ಕೊಟ್ಟಿದ್ದೆ, ಅದರಲ್ಲೇ ಮಾಡಿಕೊಟ್ಟರು. ಮಳೆಗಾಲಕ್ಕೆ ಇದು, ಚಳಿಗಾಲಕ್ಕೆ ಹಳೆಯದು.

ಬದಲಿಸುವುದು ಸುಲಭ. ತಂತಿ ಸಡಿಲಿಸಿ, ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರುಪಟ್ಟಿ) 12ನೇ ಫ್ರೆಟ್‌ಗೆ ಎಷ್ಟು ದೂರವೋ (ಇದರಲ್ಲಿ ಹನ್ನೊಂದೂವರೆ ಇಂಚು) ಅಲ್ಲಿಂದ ಮುಂದೆ ಅಷ್ಟೇ ದೂರಕ್ಕಿಂತ ಚೂರು ಜಾಸ್ತಿ, ಬಾಲದ ಕಡೆಗೆ ಬ್ರಿಡ್ಜ್ ಇಡಿ. 12ರ ಮೇಲೆ ಬೆರಳು ಸುಮ್ನೆ ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ ಎರಡನ್ನೂ ಕೇಳಿ. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆ ಸರಿಸಿ. 12ರಲ್ಲಿ ತಂತಿಯ ಎತ್ತರ 2 ಮಿಲಿಮೀಟರ್ ಆಸುಪಾಸು ಇದ್ದರೆ ನನಗೆ ಹಿತ. ಅಂಟಿಸಿದ ಬ್ರಿಡ್ಜ್ ಆಗಿದ್ದರೆ ಈ ಉಪಚಾರ ಮನೆಯಲ್ಲಿ ಆಗುತ್ತಿರಲಿಲ್ಲ.

ತಂತಿಯದ್ದು ಮಾತ್ರ ತಲೆನೋವು. ಮೇಲಿನ ಎ ತಂತಿ 440 ಹರ್ಟ್ಜ್‌ಗೆ ಏರಬೇಕು, 10ರ (0.010 ಇಂಚು ದಪ್ಪದ) ತೆಳು ತಂತಿ. ತುಕ್ಕು ಹತ್ತಿದರೆ ಟಪ್ಪಂತ ಹೋಗುತ್ತದೆ. ಈಗ ಜಿ-ಡಿ-ಎ-ಇ ಕಟ್ಟಿದ್ದೇನೆ, ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ. ಭಜನೆಗೂ ಕೊಂಕಣಿ ಹಾಡಿಗೂ ಚೆನ್ನಾಗಿ ಕೂರುತ್ತದೆ. ಆದರೆ ಹಳೇ ತಂತಿಯನ್ನೇ ಇಳಿಸಿದರೆ ಲೊಳಲೊಳ ಆಗುತ್ತದೆ. ದಪ್ಪ ತಂತಿ ಬೇಕು, ನಟ್‌ನ ಗೀರುಗಳನ್ನೂ ಅಗಲ ಮಾಡಬೇಕು. ನನ್ನ ಟೇಲ್‌ಪೀಸ್‌ಗೆ (ಬಾಲದ ಕಡೆ ತಂತಿಯ ತುದಿ ಸಿಕ್ಕಿಸುವ ಭಾಗ) ಕುಣಿಕೆ ತುದಿಯ ತಂತಿಯೇ ಆಗಬೇಕು, ಇಲ್ಲಿ ಸಿಗುವುದು ಗುಂಡು ತುದಿಯದ್ದು. ಪಕ್ಕಡದಲ್ಲಿ ಗುಂಡನ್ನು ಹಿಸುಕಿ ಒಡೆದು ತೆಗೆದರೆ ಕುಣಿಕೆ ಉಳಿಯುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ಮೇಲೊಂದು ಬಟ್ಟೆ ಹಾಕಿಕೊಳ್ಳಿ.

ಕತ್ತು ಬಗ್ಗಿದರೆ ತಿರುಗಿಸಿ ಸರಿಮಾಡುವ ರಾಡ್ ಇದರಲ್ಲಿಲ್ಲ, ಅದೊಂದು ದೊಡ್ಡ ಕೊರತೆ. ಹಾಗಾಗಿ ಕೊಳ್ಳುವ ಮುಂಚೆ ಕತ್ತಿನುದ್ದಕ್ಕೂ ಕಣ್ಣಿಟ್ಟು ನೋಡಿ. ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತಾರಲ್ಲ, ಗಿಟಾರನ್ನು ಅದರ ಪಕ್ಕ ಒರಗಿಸಬೇಡಿ. ಆ ಕಾಲದ ಅಂಟು ಬಿಸಿಗೆ ಮೆತ್ತಗಾಗುವಂಥದ್ದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿಡಿ, ನುಡಿಸಿದ ಮೇಲೆ ತಂತಿ ಒರೆಸಿ, ಸಾಕು.