ಅಡಿಕೆ ಧಾರಣೆ ಮೇಲೆ ಐದಾರು ಲೂಪ್

ಸಂಜೆಯಾದರೆ ನಮ್ಮ ಮನೆಯ ವಾಟ್ಸಾಪ್‌ಗೆ ಅಡಿಕೆ ಧಾರಣೆ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಎಲ್ಲಾ ಸೇರಿ ಒಂದೇ ಉದ್ದನೆಯ ಮೆಸೇಜ್. ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು ಅಂತ ಅಡಿಕೆಯ ಬಗೆಗಳು. ಒಂದೊಂದರ ಮುಂದೆ ಕನಿಷ್ಠ, ಗರಿಷ್ಠ, ಕೆಲವೊಮ್ಮೆ ಸರಾಸರಿ. ಅಪ್ಪನಿಗೆ ಕನ್ನಡಕ ಹಾಕಿಕೊಂಡರೂ ಬೇಕಾದ ಸಾಲು ಬೇಗ ಸಿಗುವುದಿಲ್ಲ. ಅದಕ್ಕೇ ಮೆಸೇಜನ್ನು ಪೇಸ್ಟ್ ಮಾಡಿದರೆ ಟೇಬಲ್ ಆಗಿ ತೋರಿಸುವ ಸಣ್ಣ ಪೇಜ್ ಒಂದು ಮಾಡಿದೆ. ಮೊದಲು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯಲ್ಲಿ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗಲೂ ಬ್ರೌಸರ್‌ನಲ್ಲೇ ನಡೆಯಲಿ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಮ್ಮೆ ಬರೆದೆ.

ರೆಜೆಕ್ಸ್, ಅಂದರೆ ಪಠ್ಯದಲ್ಲಿ ಬೇಕಾದ ಮಾದರಿಯ ತುಂಡು ಹುಡುಕುವ ಸೂತ್ರ, ಬರೆಯುವುದೇ ಕಷ್ಟ ಅಂದುಕೊಂಡಿದ್ದೆ. ಅದು ಅರ್ಧ ದಿನಕ್ಕೆ ಮುಗಿಯಿತು. ಅದು ಹಿಡಿದುಕೊಟ್ಟ ಅರೇ (ಸಾಲಾಗಿ ಜೋಡಿಸಿದ ಪಟ್ಟಿ) ಮೇಲೆ ಲೂಪ್ ಓಡಿಸುವುದಕ್ಕೆ, ಅಂದರೆ ಒಂದೊಂದನ್ನೇ ಸುತ್ತು ಹಾಕಿ ಎತ್ತಿಕೊಳ್ಳುವುದಕ್ಕೆ, ಎರಡು ವಾರ ಹೋಯಿತು.

ಸಾಲುಗಳು ಹೀಗಿರುತ್ತವೆ (ಅಂಕಿ ನಾನು ಸುಮ್ನೆ ಹಾಕಿದ್ದು):

ರಾಶಿ: 45,099-49,899
ಹಳೆ ಚಾಲಿ: 38,100-41,500 ಸರಾಸರಿ 40,200

ರೆಜೆಕ್ಸ್ ಪ್ರತಿ ಸಾಲಿನಿಂದ ಬೇರೆ ಮಾಡಿ ಹಿಡಿಯಬೇಕಾದ ತುಂಡುಗಳು, ಅಂದರೆ ಗುಂಪು, ನಾಲ್ಕು. ಹೆಸರು, ಕನಿಷ್ಠ, ಗರಿಷ್ಠ, ಸರಾಸರಿ. ನಾಲ್ಕನೆಯದು ಕೆಲವು ಸಾಲಿನಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ತಕರಾರೆಲ್ಲ ಶುರುವಾಗಿದ್ದು ಅದರಿಂದಲೇ.

ರೆಜೆಕ್ಸ್‌ಗೆ ಸಿಕ್ಕಿದ್ದನ್ನೆಲ್ಲ ಹುಡುಕಿಕೊಡುವ ಪಿಎಚ್‌ಪಿಯ ಪ್ರೆಗ್_ಮ್ಯಾಚ್_ಆಲ್ ಫಲಿತಾಂಶವನ್ನು ಎರಡು ರೀತಿ ಕೊಡುತ್ತದೆ. ಏನೂ ಹೇಳದಿದ್ದರೆ ಪ್ಯಾಟರ್ನ್ ಆರ್ಡರ್. ಹೆಸರೆಲ್ಲ ಒಂದು ಮೂಟೆಗೆ, ಕನಿಷ್ಠ ದರವೆಲ್ಲ ಇನ್ನೊಂದು ಮೂಟೆಗೆ. ಇದು ಗೊತ್ತಿಲ್ಲದೆ ನಾನು ನೇರ ಫೋರ್‌ಈಚ್ ಲೂಪ್ ಹಾಕಿದೆ. ಮೆಸೇಜ್‌ನಲ್ಲಿ ಹನ್ನೆರಡು ಸಾಲು, ಲೂಪ್ ತಿರುಗಿದ್ದು ಐದೇ ಸಲ! ಯಾಕೆಂದರೆ ಹೊರಗಿನ ಅರೇಯಲ್ಲಿ ಇರುವುದು ಸಾಲುಗಳಲ್ಲ, ಮೂಟೆಗಳು. ಸೊನ್ನೆಯಲ್ಲಿ ಪೂರ್ತಿ ಸಿಕ್ಕ ಪಠ್ಯ, ಒಂದರಿಂದ ನಾಲ್ಕರವರೆಗೆ ನನ್ನ ಗುಂಪುಗಳು. ನೂರು ಸಾಲಿನ ಮೆಸೇಜ್ ಕೊಟ್ಟರೂ ಐದೇ. ಸಾಲು ಸಾಲಾಗಿ ಬೇಕಿದ್ದರೆ ಸೊನ್ನೆಯ ಮೂಟೆಯ ಲೆಕ್ಕ ತೆಗೆದು, ಮಾಮೂಲಿ ಫಾರ್ ಲೂಪ್ ಹಾಕಿ, ಪ್ರತಿ ಮೂಟೆಯಿಂದ ಅದೇ ನಂಬರಿನದನ್ನು ಎತ್ತಬೇಕು. ಕೆಲಸ ನಡೆಯುತ್ತದೆ. ಆದರೆ ಆರು ತಿಂಗಳು ಬಿಟ್ಟು ಓದಿದರೆ ನಮಗೇ ಅರ್ಥ ಆಗುವುದಿಲ್ಲ.

ಸೆಟ್ ಆರ್ಡರ್ ಅಂತ ಫ್ಲ್ಯಾಗ್ (ಹೇಗೆ ನಡೆಯಬೇಕು ಅಂತ ಹೇಳುವ ಸೂಚನೆ) ಕೊಟ್ಟರೆ ಒಂದು ಸಾಲಿಗೆ ಒಂದು ಪುಟ್ಟ ಅರೇ. ಫೋರ್‌ಈಚ್ ಹಾಕಿದರೆ ಹನ್ನೆರಡು ಸಾಲಿಗೆ ಹನ್ನೆರಡು ಸಲ. ಇಷ್ಟೇ ಬೇಕಿತ್ತಲ್ವಾ! ಆದರೆ ಇಲ್ಲೂ ಒಂದು ಗುಂಡಿ ಇದೆ. ಸರಾಸರಿ ಇಲ್ಲದ ರಾಶಿ ಸಾಲಿನ ಅರೇಯಲ್ಲಿ ನಾಲ್ಕನೆಯ ಕೀ (ಜಾಗದ ಗುರುತು) ಇರುವುದೇ ಇಲ್ಲ. ಕೊನೆಯ ಗುಂಪು ಸಿಗದಿದ್ದರೆ ಸೆಟ್ ಆರ್ಡರ್ ಅದನ್ನು ಬಿಟ್ಟೇಬಿಡುತ್ತದೆ, ಪ್ಯಾಟರ್ನ್ ಆರ್ಡರ್ ಆದರೆ ಖಾಲಿ ಸ್ಟ್ರಿಂಗ್ (ಅಕ್ಷರವಿಲ್ಲದ ಪಠ್ಯ) ತುಂಬುತ್ತದೆ. ಹಾಗಾಗಿ ಟೇಬಲ್ ಮೇಲೆ ‘ಅನ್‌ಡಿಫೈನ್ಡ್ ಅರೇ ಕೀ 4’ ಅಂತ ವಾರ್ನಿಂಗ್‌ಗಳ ಮೆರವಣಿಗೆ. ಸಿಗದ್ದನ್ನು ನಲ್ (‘ಏನೂ ಇಲ್ಲ’ ಅನ್ನುವ ಗುರುತು) ಮಾಡಿ ಕೊಡುವ ಫ್ಲ್ಯಾಗ್ ಪಿಎಚ್‌ಪಿ 7.2ರಲ್ಲಿ ಬಂತು. ಆದರೆ ಕೊನೆಯ ಗುಂಪಿಗೂ ಅದು ಸರಿಯಾಗಿ ಅನ್ವಯಿಸಿದ್ದು 7.4ರಿಂದ. ನಾನು ಅದರ ಗೊಡವೆಗೆ ಹೋಗದೆ ಎರಡು ಪ್ರಶ್ನೆ ಚಿಹ್ನೆ (ಕೀ ಇಲ್ಲದಿದ್ದರೆ ಬದಲಿಗೆ ಇದನ್ನು ತಗೋ ಅನ್ನುವುದು) ಹಾಕಿ ಖಾಲಿ ಸ್ಟ್ರಿಂಗ್ ಕೊಟ್ಟೆ.

ಆಮೇಲೆ ಜಾಣತನ ಜಾಸ್ತಿಯಾಗಿ ಗುಂಪುಗಳಿಗೆ ಹೆಸರು ಕೊಟ್ಟೆ. ಒಳಗಿನ ಅರೇ ಮೇಲೂ ಫೋರ್‌ಈಚ್ ಹಾಕಿ ಸೀದಾ ಕಾಲಂ ಪ್ರಿಂಟ್ ಮಾಡಿದೆ. ಅಪ್ಪ ಮೊಬೈಲ್ ಹಿಡಿದುಕೊಂಡು ಬಂದರು. “ಎಂತದಾ ತಮಾ, ರಾಶಿ ಎರಡೆರಡು ಸಲ ಬೈಂದಲೋ?” ಹೌದು, ಎರಡು ಸಲ. ಪಿಎಚ್‌ಪಿ ಹೆಸರಿಟ್ಟ ಗುಂಪನ್ನು ಹೆಸರಿನ ಕೀಯಲ್ಲೂ ಇಡುತ್ತದೆ, ನಂಬರಿನ ಕೀಯಲ್ಲೂ ಇಡುತ್ತದೆ. ಒಳಗಿನ ಅರೇ ಮೇಲೆ ಲೂಪ್ ಹಾಕಲೇಬಾರದು, ಬೇಕಾದ ಕೀಯನ್ನು ಹೆಸರು ಹೇಳಿ ತೆಗೆಯಬೇಕು.

ಜಾವಾಸ್ಕ್ರಿಪ್ಟ್ ಕಡೆ ಬಂದರೆ ಆಯ್ಕೆ ಮೂರು. ಮೊದಲನೆಯದು ಮ್ಯಾಚ್. ಅದಕ್ಕೆ ಜಿ ಫ್ಲ್ಯಾಗ್ (ಒಂದು ಸಿಕ್ಕ ಕೂಡಲೇ ನಿಲ್ಲದೆ ಎಲ್ಲವನ್ನೂ ಹುಡುಕು ಅನ್ನುವುದು) ಕೊಟ್ಟರೆ ಪೂರ್ತಿ ಸಾಲುಗಳ ಅರೇ ಸಿಗುತ್ತದೆ, ಗುಂಪುಗಳು ಮಾಯ. ಹೆಸರು ಬೇರೆ, ದರ ಬೇರೆ ಮಾಡಲು ಮತ್ತೆ ಒಡೆಯಬೇಕು. ಅದಕ್ಕಿಂತ ದೊಡ್ಡ ಕಿರಿಕಿರಿ ಭಾನುವಾರ ಗೊತ್ತಾಯಿತು. ಅವತ್ತಿನ ಮೆಸೇಜ್‌ನಲ್ಲಿ ಇದ್ದದ್ದು ‘ಮಾರುಕಟ್ಟೆ ರಜೆ’ ಅಷ್ಟೆ. ಒಂದೂ ಸಿಗದಿದ್ದರೆ ಮ್ಯಾಚ್ ಖಾಲಿ ಅರೇ ಕೊಡುವುದಿಲ್ಲ, ನಲ್ ಕೊಡುತ್ತದೆ. ನಲ್ ಮೇಲೆ ಫಾರ್ ಆಫ್ ಲೂಪ್ ಓಡಿಸಲು ಹೋಗಿ ಪೇಜ್ ಬಿಳಿಚಿಕೊಂಡು ಕೂತಿತು.

ಎರಡನೆಯದು, ಕರೆದಾಗಲೆಲ್ಲ ಒಂದೊಂದೇ ಹುಡುಕಿಕೊಡುವ ಎಕ್ಸೆಕ್ ಮೇಲೆ, ಸಿಗುತ್ತಿರುವವರೆಗೂ ತಿರುಗುವ ವೈಲ್ ಲೂಪ್. ಹಳೇ ಕಾಲದ ವಿಧಾನ, ಎಲ್ಲಾ ಬ್ರೌಸರ್‌ನಲ್ಲೂ ಓಡುತ್ತದೆ, ಗುಂಪುಗಳೂ ಸಿಗುತ್ತವೆ. ಕೊನೆಗೆ ಎಲ್ಲಿ ನಿಂತಿದ್ದೆ ಅನ್ನುವುದನ್ನು ರೆಜೆಕ್ಸ್ ತನ್ನ ಲಾಸ್ಟ್‌ಇಂಡೆಕ್ಸ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಜಿ ಫ್ಲ್ಯಾಗ್ ಮರೆತರೆ ಆ ನೆನಪಿಲ್ಲ. ಮೊದಲ ಸಾಲೇ ಮತ್ತೆ ಮತ್ತೆ ಸಿಗುತ್ತದೆ, ಟ್ಯಾಬ್ ಹ್ಯಾಂಗ್. ರೆಜೆಕ್ಸನ್ನು ವೈಲ್‌ನ ಕಂಡೀಷನ್ ಒಳಗೇ ಬರೆದರೂ ಅದೇ ಗತಿ, ಪ್ರತಿ ಸುತ್ತಿಗೂ ಹೊಸ ರೆಜೆಕ್ಸ್ ಹುಟ್ಟುತ್ತದೆ. ನಾನು ಎರಡೂ ಮಾಡಿದ್ದೇನೆ. ಒಂದೇ ದಿನ. ಲ್ಯಾಪ್‌ಟಾಪ್ ಫ್ಯಾನ್ ಸದ್ದಿಗೆ ಆಯಿ ಮಿಕ್ಸರ್ ಹಾಕಿದ್ದು ಯಾರು ಅಂತ ಕೇಳಿದಳು.

ಮೂರನೆಯದು ಮ್ಯಾಚ್‌ಆಲ್, ಜಾವಾಸ್ಕ್ರಿಪ್ಟ್‌ನ ಇಎಸ್ 2020 ಆವೃತ್ತಿಯಲ್ಲಿ ಸೇರಿದ್ದು. ಜಿ ಫ್ಲ್ಯಾಗ್ ಮರೆತರೆ ಟ್ಯಾಬ್ ಹ್ಯಾಂಗ್ ಮಾಡದೆ ಕೂಡಲೇ ಎರರ್ ಕೊಡುತ್ತದೆ. ಭಾನುವಾರ ಒಂದೂ ಸಿಗದಿದ್ದರೆ ಲೂಪ್ ಸುಮ್ನೆ ಸೊನ್ನೆ ಸಲ ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಗುಂಪುಗಳು ಹೆಸರಿನ ಸಮೇತ ಕೈಗೆ ಬರುತ್ತವೆ. ಒಂದೇ ಎಚ್ಚರಿಕೆ, ಇದು ಕೊಡುವುದು ಅರೇ ಅಲ್ಲ, ಇಟರೇಟರ್, ಅಂದರೆ ಕೇಳಿದಾಗ ಒಂದೊಂದೇ ಕೊಡುತ್ತಾ ಹೋಗುವುದು. ಒಮ್ಮೆ ಓಡಿತು ಅಂದರೆ ಮುಗಿಯಿತು. ನಾನು ಮೊದಲು ಲೆಕ್ಕ ಹಾಕಲು ಒಂದು ಲೂಪ್, ಆಮೇಲೆ ಟೇಬಲ್‌ಗೆ ಇನ್ನೊಂದು ಲೂಪ್ ಹಾಕಿದ್ದೆ. ಲೆಕ್ಕ ಹನ್ನೆರಡು ಬಂತು, ಟೇಬಲ್ ಖಾಲಿ! ಅರೇ.ಫ್ರಮ್‌ನಿಂದ ಅರೇ ಮಾಡಿ ಇಟ್ಟುಕೊಂಡರೆ ಎಷ್ಟು ಸಲ ಬೇಕಾದರೂ ಓಡಿಸಬಹುದು. ಇನ್ನು ಫಾರ್ ಇನ್ ಅನ್ನುವ ಲೂಪ್ ಬೇಡವೇ ಬೇಡ. ಸಿಕ್ಕ ಅರೇಗೆ ಅಂಟಿಕೊಂಡಿರುವ ಇಂಡೆಕ್ಸ್, ಇನ್‌ಪುಟ್, ಗ್ರೂಪ್ಸ್ ಎಲ್ಲವೂ ಕಾಲಂಗಳಾಗಿ ಬಂದು ಕೂರುತ್ತವೆ.

ಕನ್ನಡದವರಿಗೆ ಎದುರಾಗುವ ತಾಪತ್ರಯ ಒಂದಿದೆ. ಜಾವಾಸ್ಕ್ರಿಪ್ಟ್‌ನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂಗೆ (ಪದದ ಅಕ್ಷರ ಹುಡುಕುವ ರೆಜೆಕ್ಸ್ ಗುರುತು) ಕನ್ನಡ ಅಕ್ಷರ ಕಾಣುವುದೇ ಇಲ್ಲ. ಸರಿ ಅಂತ ಯು ಫ್ಲ್ಯಾಗ್ ಹಾಕಿ, ಎಲ್ಲ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ನ ‘ಎಲ್’ ಅಂದರೆ ಅಕ್ಷರಗಳ ಗುಂಪನ್ನು ಕೇಳಿದೆ. ‘ಬೆಟ್ಟೆ’ ಕೊಟ್ಟರೆ ಲೂಪ್ ಮೂರು ಸಲ ತಿರುಗಿ ಬ, ಟ, ಟ ಅಂತ ಪ್ರಿಂಟ್ ಮಾಡಿತು. ಏತ್ವ, ಒತ್ತು ಮಾಡುವ ಹಲಂತ, ಇವು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ಗುರುತುಗಳು. ಎಲ್ ಜೊತೆ ‘ಎಮ್’ ಗುಂಪನ್ನೂ ಸೇರಿಸಬೇಕು. ‘ಹಳೆ ಚಾಲಿ’ಗಾಗಿ ನಡುವಿನ ಜಾಗವನ್ನೂ ಸೇರಿಸಿದೆ.

ಇದರದ್ದೇ ಬಾಲ ಇನ್ನೊಂದು: ಸಿಕ್ಕಿದ್ದು ಮೆಸೇಜ್‌ನಲ್ಲಿ ಎಷ್ಟನೆಯ ಜಾಗದಲ್ಲಿದೆ ಅಂತ ಕೇಳಿದರೆ ಪಿಎಚ್‌ಪಿ ಬೈಟ್ (ಕಂಪ್ಯೂಟರ್ ಪಠ್ಯ ಇಡುವ ಚಿಕ್ಕ ಅಳತೆ) ಲೆಕ್ಕ ಹೇಳುತ್ತದೆ. ಅದೇ ‘ಬೆಟ್ಟೆ’ಯ ಉದ್ದ ಪಿಎಚ್‌ಪಿಗೆ 18, ಜಾವಾಸ್ಕ್ರಿಪ್ಟ್‌ಗೆ 6. ಒಂದರ ಲೆಕ್ಕ ಇನ್ನೊಂದಕ್ಕೆ ಕೊಡಬೇಡಿ.

ಸದ್ಯ ಸರ್ವರ್‌ನಲ್ಲಿ ಸೆಟ್ ಆರ್ಡರ್, ಬ್ರೌಸರ್‌ನಲ್ಲಿ ಮ್ಯಾಚ್‌ಆಲ್. ಎಕ್ಸೆಕ್ ಕಡೆ ಮತ್ತೆ ಹೋಗುವ ಮನಸ್ಸಿಲ್ಲ. ಪ್ಯಾಟರ್ನ್ ಆರ್ಡರ್ ಒಂದು ಜಾಗದಲ್ಲಿ ಮಾತ್ರ ಉಳಿದಿದೆ. ಇವತ್ತಿನ ಗರಿಷ್ಠ ದರ ಎಷ್ಟು ಅಂತ ತೋರಿಸುವಲ್ಲಿ ಮೂರನೇ ಮೂಟೆಯೊಂದೇ ಸಾಕು, ಲೂಪೇ ಬೇಡ. ಅದಕ್ಕೆ ಮೊದಲು ಕಾಮಾ ತೆಗೆಯಬೇಕು. ತೆಗೆಯದೆ ಇಂಟ್ (ಪೂರ್ಣಾಂಕ) ಮಾಡಿದರೆ 49,899 ಹೋಗಿ 49 ಆಗುತ್ತದೆ. ಆ ಧಾರಣೆಯನ್ನು ಒಂದು ಸಂಜೆ ಮನೆಯವರೆಲ್ಲ ನೋಡಿದ್ದಾರೆ.

ಈಗ ಟೇಬಲ್ ಕೆಳಗೆ ಮೆಸೇಜ್‌ನಲ್ಲಿ ಎಷ್ಟು ಸಾಲಿತ್ತು, ಲೂಪ್ ಎಷ್ಟು ಸಲ ತಿರುಗಿತು ಅಂತಲೂ ಹಾಕಿದ್ದೇನೆ. ಮೊನ್ನೆ 12ಕ್ಕೆ 11 ತೋರಿಸಿತು. ಕೆಂಪುಗೋಟಿನ ಮುಂದೆ ಕೋಲನ್ ಹಾಕಲು ಯಾರೋ ಮರೆತಿದ್ದರು.